ಸುಬೇದಾರರು ಡಿಶ್‌ಗೆ ಬಣ್ಣ ಹೊಡೆದದ್ದು

ನಮ್ಮ ಬ್ಲಾಕಿನ ತಾರಸಿಯ ಮೇಲೆ ಎಂಟಡಿ ಅಗಲದ ಅಲ್ಯೂಮಿನಿಯಂ ಡಿಶ್ ಒಂದಿತ್ತು. ಎದುರು ಮನೆಯ ಸುಬೇದಾರ್ ನಾಚಪ್ಪನವರು ೧೯೯೩ರಲ್ಲಿ, ಅಂಗಡಿ ಮುಚ್ಚುತ್ತಿದ್ದ ಕೇಬಲ್‌ನವನೊಬ್ಬನಿಂದ ಅದನ್ನು ಕೊಂಡಿದ್ದರು. ಮಯೂರ್ ವಿಹಾರದ ಕೇಬಲ್‌ನವರಿಗೆ ಕನ್ನಡ ಚಾನೆಲ್ ಹಾಕಿ ಎಂದರೆ ನಗು ಬರುತ್ತಿತ್ತು. "ದೋ ಘರ್ ಕೇ ಲಿಯೇ ಕೌನ್ ಚಲಾಯೇಗಾ, ಸಾಬ್?" ಎನ್ನುತ್ತಿದ್ದರು. ಆ ಎರಡು ಮನೆಗಳಲ್ಲಿ ಒಂದು ನಾಚಪ್ಪನವರದು, ಇನ್ನೊಂದು ನಮ್ಮದು. ಡಿಶ್‌ನಿಂದ ಒಂದು ವೈರು ಅವರ ಮನೆಗೆ ಇಳಿದಿತ್ತು, ಒಂದು ನಮ್ಮ ಮನೆಗೆ. ದೆಹಲಿಯಲ್ಲಿ ಕೂತು ಹತ್ತು ವರ್ಷ ನಾವು ಬೆಂಗಳೂರಿನ ವಾರ್ತೆ ಕೇಳಿದ್ದು ಅದರ ದಯೆಯಿಂದ.

ನನ್ನ ಹೆಸರು ದಕ್ಷಿಣಾಮೂರ್ತಿ. ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ರಿಟೈರ್ ಆದವನು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೆಂಡತಿ ಶಾರದಾ ಹೇಳುತ್ತಾಳೆ. ಅವಳು ಹೇಳುವುದು ಕಡಿಮೆಯೇ ಆಯಿತು. ಈ ಕಥೆಯಲ್ಲಿ ನನ್ನ ಪಾಲು ಏನೆಂಬುದನ್ನು ನಾನು ಅವಳಿಗೂ ಇದುವರೆಗೆ ಹೇಳಿಲ್ಲ.

ನಾಚಪ್ಪನವರು ಕೊಡಗಿನವರು. ಮೂವತ್ತು ವರ್ಷ ಸೈನ್ಯದಲ್ಲಿದ್ದು ಅಲ್ಲಿಂದ ಮನೆಗೆ ತಂದ ಮುಖ್ಯ ಅಭ್ಯಾಸ ಬಣ್ಣ ಹೊಡೆಯುವುದು. ಅಲ್ಲಿ ಜನರಲ್ ಸಾಹೇಬರು ಬರುತ್ತಾರೆಂದರೆ ರಸ್ತೆ ಬದಿಯ ಕಲ್ಲು, ಮರದ ಬುಡ, ಬೆಂಕಿಯ ಬಕೆಟ್ಟು, ಹೀಗೆ ಅಲುಗಾಡದೆ ನಿಂತದ್ದಕ್ಕೆಲ್ಲ ಬಣ್ಣ ಬೀಳುತ್ತದಂತೆ. ಇಲ್ಲಿ ಯಾವ ಜನರಲ್ಲೂ ಬರದಿದ್ದರೂ ನಮ್ಮ ಮೆಟ್ಟಿಲ ಕಂಬಿ, ಹೂಕುಂಡ, ನೀರಿನ ಟ್ಯಾಂಕಿನ ಮುಚ್ಚಳ ವರ್ಷಕ್ಕೊಮ್ಮೆ ಹೊಸದಾಗುತ್ತಿದ್ದವು. ಮುಖ ಕಾಣುವಷ್ಟು ಹೊಳೆಯದಿದ್ದರೆ ಅವರ ಪ್ರಕಾರ ಅದು ಬಣ್ಣವೇ ಅಲ್ಲ. "ಸುಬೇದಾರ್ರೇ, ಜಾಸ್ತಿ ಹೊತ್ತು ಒಂದೇ ಕಡೆ ನಿಲ್ಲಕ್ಕೆ ನನಗೆ ಭಯ, ನನಗೂ ಒಂದು ಕೋಟ್ ಹೊಡೆದುಬಿಡ್ತೀರಿ" ಎಂದು ನಾನು ಕಾಲೆಳೆಯುತ್ತಿದ್ದೆ. ಡಿಶ್ ಒಂದಕ್ಕೆ ಮಾತ್ರ ಅವರು ಕೈ ಹಾಕಿರಲಿಲ್ಲ. ಅವರ ಹೆಂಡತಿ ಸರಸು, "ನನ್ನ ಸೀರಿಯಲ್ ನಿಂತುಹೋದ್ರೆ ನೋಡಿ" ಎಂದು ಹೆದರಿಸಿ ಇಟ್ಟಿದ್ದರು.

ಅವರಿಗೆ ಒಬ್ಬಳೇ ಮಗಳು, ಚೋಂದಮ್ಮ. ಮನೆಯಲ್ಲಿ ಚೋಂದು. ಆರು ವರ್ಷಕ್ಕೇ ಅವಳ ಕೈಗೆ ಹಾಕಿ ಸ್ಟಿಕ್ ಕೊಟ್ಟು, ಯಾವ ಕಂಟೋನ್ಮೆಂಟಿಗೆ ವರ್ಗವಾದರೂ ಅಲ್ಲಿನ ಮೈದಾನದಲ್ಲಿ ದಿನಾ ಬೆಳಿಗ್ಗೆ ಓಡಿಸಿ, ಬೈದು, ಆಟ ಕಲಿಸಿದವರು ನಾಚಪ್ಪನವರೇ. ಆ ಹುಡುಗಿ ೧೯೯೭ರಲ್ಲಿ ಕರೋಲ್ ಬಾಗ್‌ನ ಬಟ್ಟೆ ಅಂಗಡಿಯವರ ಮಗ ದಿಲೀಪನನ್ನು ಮದುವೆಯಾಗುತ್ತೇನೆ ಎಂದಾಗ ಅವರು ಬಾಗಿಲು ಹಾಕಿಕೊಂಡುಬಿಟ್ಟರು. ಇಬ್ಬರೂ ಬೆಂಗಳೂರಿಗೆ ಹೋದರು. ಅವಳು ಅಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಕಿ ಕೋಚ್ ಆದಳು. ಐದು ವರ್ಷ ನಾಚಪ್ಪನವರ ಬಾಯಲ್ಲಿ ಮಗಳ ಹೆಸರು ಬರಲಿಲ್ಲ. ಸರಸು ಮಾತ್ರ ಭಾನುವಾರ ಸಕ್ಕರೆ ಕೇಳುವ ನೆಪದಲ್ಲಿ ನಮ್ಮ ಮನೆಗೆ ಬಂದು ನಮ್ಮ ಫೋನಿನಲ್ಲಿ ಅವಳ ಜತೆ ಮಾತಾಡಿ, ಸಕ್ಕರೆಯ ಲೋಟ ಹಿಡಿದು ಹೋಗುತ್ತಿದ್ದರು.

೨೦೦೨ರ ಸೆಪ್ಟೆಂಬರ್‌ನಲ್ಲಿ ಚೋಂದಮ್ಮನ ಸ್ಕೂಟರಿಗೆ ಲಾರಿ ಹೊಡೆಯಿತು. ಸುದ್ದಿ ಬಂದದ್ದೂ ನಮ್ಮ ಫೋನಿಗೇ. ಸರಸು ಅಣ್ಣನ ಜತೆ ಬೆಂಗಳೂರಿಗೆ ಹೋದರು. ನಾಚಪ್ಪನವರು ಹೋಗಲಿಲ್ಲ. ಆ ದಿನ ಅವರು ನಾಲ್ಕನೇ ಮಹಡಿಯಿಂದ ಶುರುಮಾಡಿ ಕೆಳಗಿನವರೆಗೆ ಮೆಟ್ಟಿಲ ಕಂಬಿಗೆ ಬಣ್ಣ ಹೊಡೆದರು. ನನಗೆ ಆ ಮನುಷ್ಯನ ಮೇಲೆ ಅಸಹ್ಯ ಹುಟ್ಟಿತ್ತು. ಸಂಜೆ ನಾನು ಹಾಲು ತರಲು ಇಳಿದಾಗ ಅವರು ಕಡೆಯ ಮೆಟ್ಟಿಲಲ್ಲಿ ಬ್ರಷ್ ಹಿಡಿದು ಕೂತು ಮಕ್ಕಳಂತೆ ಬಿಕ್ಕುತ್ತಿದ್ದರು. ನನ್ನನ್ನು ಕಂಡು, "ಹುಷಾರು, ಹಸಿ ಇದೆ, ಮುಟ್ಟಬೇಡಿ" ಎಂದರು.

ದಿಲೀಪ ಬೆಂಗಳೂರು ಬಿಟ್ಟು ಅಪ್ಪನ ಅಂಗಡಿಗೆ ವಾಪಸಾದ. ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಮಾರ್ಕೆಟ್‌ನಿಂದ ಬಂದಾಗ ಅವನು ನಾಚಪ್ಪನವರ ಬಾಗಿಲಲ್ಲಿ ನಿಂತಿದ್ದ. ಅವರು ಒಳಗೆ ಕರೆದಿರಲಿಲ್ಲ. ಸರಸು ಕೊಟ್ಟ ನೀರಿನ ಲೋಟ ಅವನ ಕೈಯಲ್ಲಿತ್ತು. ನಮ್ಮೆರಡು ಮನೆಯ ಬಾಗಿಲೂ ಎದುರುಬದುರಾದ್ದರಿಂದ, ನಾನು ಬೀಗ ತೆಗೆಯುವ ನೆಪದಲ್ಲಿ ನಿಂತುಬಿಟ್ಟೆ. ಬೀಗ ಹಾಕಿಯೇ ಇರಲಿಲ್ಲ.

"ಅಂಕಲ್, ಆಗಸ್ಟ್‌ನಲ್ಲಿ ಚೋಂದು ಒಂದು ಟಿವಿ ಇಂಟರ್ವ್ಯೂ ಕೊಟ್ಟಿದ್ಲು," ಅವನು ಬೆಂಗಳೂರಿನಲ್ಲಿ ಕಲಿತ ಹರಕು ಕನ್ನಡದಲ್ಲಿ ಹೇಳುತ್ತಿದ್ದ. "ಲೇಡೀಸ್ ಪ್ರೋಗ್ರಾಂ. ಒಂದ್ಸಲ ತೋರಿಸಿದ್ರು. ಈಗ ಮಹಿಳಾ ದಿನಕ್ಕೆ ಮತ್ತೆ ತೋರಿಸ್ತಾರಂತೆ. ಎಂಟು ಮಾರ್ಚ್, ಹನ್ನೊಂದೂವರೆಗೆ, ಅರ್ಧ ಗಂಟೆ. ಅಲ್ಲಿನ ಮೇಡಂ ಫೋನ್ ಮಾಡಿದ್ರು. ನಿಮ್ಮ ಡಿಶ್‌ನಲ್ಲಿ ಆ ಚಾನೆಲ್ ಬರುತ್ತೆ ಅಂತ ಚೋಂದು ಹೇಳ್ತಿದ್ಲು."

ನಾಚಪ್ಪನವರು ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದರು.

"ಲಾಸ್ಟ್‌ನಲ್ಲಿ ಆ ಮೇಡಂ ಕೇಳ್ತಾರೆ, ಯಾರಿಗಾದ್ರೂ ಏನಾದ್ರೂ ಹೇಳ್ಬೇಕಾ ಅಂತ. ಚೋಂದು ನಿಮ್ಮ ಭಾಷೆಯಲ್ಲಿ ಹೇಳಿದ್ಲು. ಕೊಡವ ತಕ್ಕ್. ಮೇಡಂಗೂ ಗೊತ್ತಾಗ್ಲಿಲ್ಲ, ಮುಝೇ ಭೀ ಸಮಝ್ ನಹೀಂ ಆಯಾ. ಮನೆಗೆ ಬಂದ್ಮೇಲೆ ಏನು ಹೇಳ್ದೆ ಅಂತ ಕೇಳ್ದೆ. 'ಅದು ನಿನಗಲ್ಲ, ಅಪ್ಪನಿಗೆ' ಅಂದ್ಲು. ಆಮೇಲೆ ಯಾವಾಗಾದ್ರೂ ಕೇಳಿದ್ರಾಯ್ತು ಅಂತ ಬಿಟ್ಟೆ, ಅಂಕಲ್."

ಅದಾಗಿ ಮೂರು ವಾರಕ್ಕೆ ಅವಳು ಹೋಗಿದ್ದಳು.

ನಾಚಪ್ಪನವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ದಿಲೀಪ, "ಬೆಂಗಳೂರಲ್ಲಿ ಫ್ರೆಂಡ್ ಇದ್ದಾನೆ, ರೆಕಾರ್ಡ್ ಮಾಡಿ ಇಡಕ್ಕೆ ಹೇಳ್ಲಾ?" ಎಂದ.

"ಬೇಡ. ಯಾರನ್ನೂ ಕೇಳಬೇಡ. ನನ್ನ ಮಗಳು ನನಗೆ ಹೇಳಿದ್ದು ಕಂಡವರ ಮನೆ ಸುತ್ತಿ ಬರಬೇಕಾಗಿಲ್ಲ. ನನ್ನ ಡಿಶ್ ಇದೆ."

"ಜೀ ಅಂಕಲ್."

ಬೈಸಿಕೊಂಡವನಂತೆ ಅಲ್ಲ, ಏನೋ ಸಿಕ್ಕವನಂತೆ ದಿಲೀಪ ಇಳಿದು ಹೋದ. ಆರು ವರ್ಷದಲ್ಲಿ ಮಾವ ಅವನಿಗೆ ಹೇಳಿದ ಮೊದಲ ಮಾತು ಅದು. ಅವನು ನಿಜಕ್ಕೂ ಯಾರನ್ನೂ ಕೇಳಲಿಲ್ಲ.

ಮರುದಿನವೇ ನಾಚಪ್ಪನವರು ತಾರಸಿ ಹತ್ತಿದರು. ಡಿಶ್‌ನ ಸ್ಥಿತಿ ಚೆನ್ನಾಗಿರಲಿಲ್ಲ, ಅದು ನಿಜ. ಹಳೆಯ ಬಣ್ಣ ಹಪ್ಪಳದಂತೆ ಎದ್ದಿತ್ತು, ಬರಿದಾದ ಕಡೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಟ್ಟಿತ್ತು, ಬೋಲ್ಟು ಸಡಿಲವಾಗಿ, ಹೂವಿನ ದಳದಂತೆ ಜೋಡಿಸಿದ್ದ ಅದರ ಎಸಳುಗಳು ಗಾಳಿಗೆ ಕಟಕಟ ಎನ್ನುತ್ತಿದ್ದವು. ಟಿವಿಯಲ್ಲಿ ಚಿತ್ರದ ಮೇಲೆ ಸಾಸಿವೆ ಎರಚಿದ ಹಾಗೆ ಚುಕ್ಕೆ. ಆದರೆ ಅವರು ಅಷ್ಟಕ್ಕೇ ಹತ್ತಿದ್ದಲ್ಲ. ಸರಸು ಶಾರದಾಳ ಹತ್ತಿರ ಹೇಳಿದ್ದರಂತೆ: ಬೋಲ್ಟು ಬಿಗಿ ಮಾಡಿದರೆ ಸಾಕಲ್ಲ ಎಂದದ್ದಕ್ಕೆ, "ಚೋಂದು ಬರುವಾಗ ಪಾರಿವಾಳದ ಹಿಕ್ಕೆ ಮೇಲೆ ಬರಬೇಕಾ?" ಎಂದರಂತೆ.

ಮೊದಲು ನಡುವಿನ ಕೋಲಿನ ತುದಿಯಲ್ಲಿ ಕೂತಿದ್ದ ಪುಟ್ಟ ಡಬ್ಬಿಯನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿ ಕೆಳಗೆ ತಂದರು. ಡಿಶ್ ಎನ್ನುವುದು ಬರೀ ಬಟ್ಟಲು. ಆಕಾಶದಿಂದ ಬಂದದ್ದನ್ನು ಒಟ್ಟುಮಾಡಿ ಆ ಡಬ್ಬಿಯ ಬಾಯಿಗೆ ಕೊಡುತ್ತದೆ, ಡಬ್ಬಿ ಅದನ್ನು ಟಿವಿಗೆ ಕಳಿಸುತ್ತದೆ. ಆಮೇಲೆ ಎಸಳೆಸಳಿಗೂ ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಗುಳ್ಳೆ ಎದ್ದ ಮೇಲೆ ಮರದ ಪಟ್ಟಿಯಿಂದ ಎಬ್ಬಿಸಿದರು. ಕಬ್ಬಿಣ ತಾಕಿದರೆ ಅಲ್ಯೂಮಿನಿಯಂ ಗೀರುತ್ತದೆ ಎಂದು ಅವರಿಗೆ ಗೊತ್ತಿತ್ತು. ಉಪ್ಪುಕಾಗದ ಹಾಕಿ ಉಜ್ಜಿದರು, ಸೋಪಿನ ನೀರಲ್ಲಿ ತೊಳೆದರು, ಒಣಗಿಸಿದರು, ಮತ್ತೆ ಉಜ್ಜಿದರು. ಅಲ್ಯೂಮಿನಿಯಂಗೆ ಬೇರೆಯದೇ ಹಳದಿ ಪ್ರೈಮರ್ ಬೇಕೆಂದು ಮೂರು ಅಂಗಡಿ ಅಲೆದು ತಂದರು. ಅರವತ್ತೆರಡು ವಯಸ್ಸಿಗೆ ಮೊಣಕಾಲೂರಿ, ಉಗುರಿನ ಸಂದೆಲ್ಲ ಸುಟ್ಟುಕೊಂಡು, ಇಷ್ಟನ್ನೂ ಒಬ್ಬರೇ ಮಾಡಿದರು. ನಾನು ನೋಡುತ್ತಿದ್ದೆ. ತಪ್ಪು ಹುಡುಕಲು ಒಂದೂ ಇರಲಿಲ್ಲ.

ಜಗಳ ಆದದ್ದು ಸಂಡಿಗೆಗೆ. ಶಾರದಾ ತಾರಸಿಯಲ್ಲಿ ಹಳೆ ಪಂಚೆ ಹಾಸಿ ಎರಡು ಸೇರು ಅಕ್ಕಿಯ ಸಂಡಿಗೆ ಇಟ್ಟಿದ್ದಳು. ನಾಚಪ್ಪನವರು ಉಜ್ಜಿದ ಪುಡಿ ಗಾಳಿಗೆ ಹಾರಿ ಅದರ ಮೇಲೆಲ್ಲ ಕೂತಿತು. ನಾನು ಮೇಲೆ ಹೋಗಿ, "ಇದೇನು ನಿಮ್ಮ ಬಟಾಲಿಯನ್ನಾ? ನಾವೂ ಇದ್ದೀವಿ ಇಲ್ಲಿ" ಎಂದು ಕೂಗಾಡಿದೆ. ಅವರು ತಲೆ ಎತ್ತದೆ, "ಕ್ಲರ್ಕ್‌ಗಳಿಗೆ ಕೆಲಸ ಅಂದ್ರೆ ಏನು ಗೊತ್ತು, ಹೋಗ್ರೀ" ಎಂದರು.

ಸಂಡಿಗೆ ಹೋದರೆ ಇನ್ನೊಮ್ಮೆ ಇಡಬಹುದು. ಮೂವತ್ತಾರು ವರ್ಷ ಫೈಲು ಹೊತ್ತು ಸೆಕ್ಷನ್ ಆಫೀಸರ್ ಆದವನನ್ನು ಕ್ಲರ್ಕ್ ಎಂದರೆ? ಮಾತು ಬಿಟ್ಟೆ. ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದೆ. ಮಗಳನ್ನು ಕಳೆದುಕೊಂಡ ಮನುಷ್ಯ, ಅವಳ ಮಾತಿಗೆ ಕಾಯುತ್ತಿದ್ದಾನೆ ಎಂದು ಗೊತ್ತಿದ್ದೂ ನೋಡುತ್ತಿದ್ದೆ. ನನ್ನಂಥವರಿಗೆ ಅದು ಕಷ್ಟದ ಕೆಲಸವಲ್ಲ.

ಮಾರ್ಚ್ ಐದಕ್ಕೆ ಒಗೆದ ಬಟ್ಟೆ ತರಲು ತಾರಸಿಗೆ ಹೋದಾಗ ಹೊಸ ಡಬ್ಬ ತೆರೆದು ಕೂತಿದ್ದರು. ಬಿಳಿ ಎನಾಮಲ್, ಹೊಳಪಿನದು. ಎರಡು ಎಸಳು ಆಗಲೇ ಮುಗಿದು ಫಳಫಳ ಎನ್ನುತ್ತಿದ್ದವು.

ನಾನು ಅಲ್ಲೇ ನಿಂತೆ. ಹತ್ತು ವರ್ಷದ ಹಿಂದೆ ಈ ಡಿಶ್ ಕೂರಿಸುವ ದಿನ ನಾಚಪ್ಪನವರು ರಜೆ ಮುಗಿಸಿ ಪಲ್ಟನ್‌ಗೆ ಹೊರಟುಹೋಗಿದ್ದರು. ಫಿಟ್ಟರ್‌ಗೆ ಚಹಾ ಕೊಟ್ಟು ಪಕ್ಕದಲ್ಲಿ ನಿಂತಿದ್ದವನು ನಾನು. ಅವನು ಹೋಗುವಾಗ ಹೇಳಿದ್ದ: "ಸಾಬ್, ಮುಂದೆ ಎಂದಾದರೂ ಬಣ್ಣ ಹೊಡೆಸಿದರೆ ಹೊಳಪಿಲ್ಲದ ಮಾಟ್ ಹೊಡೆಸಿ, ಚಮಕ್‌ವಾಲಾ ಬೇಡ. ಬಟ್ಟಲು ಹೊಳೆದರೆ ಬಿಸಿಲನ್ನೂ ಒಟ್ಟುಮಾಡಿ ಡಬ್ಬಿಗೆ ಕೊಡುತ್ತೆ. ಡಬ್ಬಿ ಸುಟ್ಟುಹೋಗುತ್ತೆ." ಈ ಮಾತು ಗೊತ್ತಿದ್ದವನು ಇಡೀ ಬ್ಲಾಕಿನಲ್ಲಿ ನಾನೊಬ್ಬನೇ.

ಹೇಳಬೇಕಿತ್ತು. ನಾಲ್ಕು ಹೆಜ್ಜೆ ದೂರ. "ಸುಬೇದಾರ್ರೇ, ಆ ಬಣ್ಣ ಬೇಡ" ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಮನಸ್ಸಿಗೆ ಬಂದದ್ದು ಬೇರೆ. ಕ್ಲರ್ಕ್‌ಗೆ ಏನು ಗೊತ್ತು ಅಂದರಲ್ಲ, ಮೇ ತಿಂಗಳ ಬಿಸಿಲಿಗೆ ತಿಳಿಯಲಿ. ಮಾರ್ಚ್‌ನ ಬಿಸಿಲು ಇನ್ನೂ ಹಿತವಾಗಿಯೇ ಇದೆ, ಎಂಟನೇ ತಾರೀಖು ಸುಸೂತ್ರ ಕಳೆಯುತ್ತದೆ. ಮೇನಲ್ಲಿ ಡಬ್ಬಿ ಸುಟ್ಟಾಗ ನನ್ನ ಹತ್ತಿರ ಬಂದೇ ಬರುತ್ತಾರೆ, ಆಗ ಹೇಳುತ್ತೇನೆ. ಹೀಗೆ ಎಣಿಸಿ ಬಟ್ಟೆ ಹೆಗಲಿಗೆ ಹಾಕಿಕೊಂಡು ಇಳಿದು ಬಂದೆ. ಆ ಹೊತ್ತಿನಲ್ಲಿ ನನಗೆ ಸಂತೋಷವೇ ಆಗಿತ್ತು. ಸುಳ್ಳು ಹೇಳುವುದಿಲ್ಲ.

ಏಳನೇ ತಾರೀಖು ಸಂಜೆ ಡಬ್ಬಿಯನ್ನು ವಾಪಸು ಕೂರಿಸಿದರು. ನಮ್ಮ ಟಿವಿಯಲ್ಲೂ ಒಂದು ಚುಕ್ಕೆ ಇಲ್ಲದೆ ಚಿತ್ರ ಬಂತು. ಡಿಶ್ ಹೊಸದರಲ್ಲೂ ಹಾಗೆ ಬಂದಿರಲಿಲ್ಲ. ನಾಚಪ್ಪನವರು ನಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡದೆ, "ಶಾರದಮ್ಮ, ನಾಳೆ ಬನ್ನಿ. ಇವರನ್ನೂ ಕರ್ಕೊಂಡು ಬನ್ನಿ. ನಿಮ್ಮ ವಿಸಿಆರ್ ಇದ್ರೆ ಕೊಡ್ತೀರಾ?" ಎಂದರು.

ಎಂಟರಂದು ಹನ್ನೊಂದಕ್ಕೇ ಹೋದೆವು. ನಾಚಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೆಜಿಮೆಂಟಿನ ಟೈ ಕಟ್ಟಿ, ಶೂ ಹಾಕಿಕೊಂಡು ಮನೆಯೊಳಗೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ದಿಲೀಪ ಬಂದ. ಸರಸು ಫೋನ್ ಮಾಡಿದ್ದಿರಬೇಕು. ನಾಚಪ್ಪನವರು ಅವನನ್ನು ನೋಡಿದರು, ಎದ್ದರು, ಟಿವಿಗೆ ಎದುರಾಗಿ ಒಂದು ಕುರ್ಚಿ ಎಳೆದು ಹಾಕಿ ಮತ್ತೆ ತಮ್ಮ ಜಾಗದಲ್ಲಿ ಕೂತರು. ಶಾರದಾ ವಿಸಿಆರ್ ಗುಂಡಿ ಒತ್ತಿದಳು.

ಹನ್ನೊಂದೂವರೆಗೆ ಸರಿಯಾಗಿ ಚೋಂದಮ್ಮ ಬಂದಳು. ಶಾಲೆಯ ಮೈದಾನದಲ್ಲಿ, ನೀಲಿ ಟ್ರ್ಯಾಕ್ ಸೂಟಿನಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡದೆ ನೇರ ನೋಡುತ್ತ. ಸರಸು "ಸಣ್ಣಗಾಗಿದ್ದಾಳೆ" ಎಂದರು. ಚೋಂದಮ್ಮ ತನ್ನ ಶಾಲೆಯ ಹುಡುಗಿಯರ ಬಗ್ಗೆ ಹೇಳಿದಳು, ಶೂ ಇಲ್ಲದೆ ಆಡಲು ಬರುವವರ ಬಗ್ಗೆ ಹೇಳಿದಳು, ನಕ್ಕಳು. ನಗುವಾಗ ನಾಚಪ್ಪನವರದೇ ಗದ್ದ. ನಿಮಗೆ ಆಟ ಕಲಿಸಿದವರು ಯಾರು ಎಂದು ಸಂದರ್ಶಕಿ ಕೇಳಿದಳು. ಚೋಂದಮ್ಮ ಒಂದು ಗಳಿಗೆ ತಡೆದು, "ನಮ್ಮ ಕಡೆ ಮನೆಮನೆಯಲ್ಲೂ ಆಡ್ತಾರೆ, ಹಾಗೇ ಬಂತು" ಎಂದಳು.

ನಾಚಪ್ಪನವರು ಮೊಣಕಾಲ ಮೇಲಿಟ್ಟ ಕೈಯನ್ನು ಅಲುಗಿಸಲಿಲ್ಲ. ಕುತ್ತಿಗೆ ಮಾತ್ರ ಸ್ವಲ್ಪ ತಗ್ಗಿತು. ಕೊನೆಯ ಮಾತು ಇನ್ನೂ ಬರಬೇಕಿತ್ತು, ಎಲ್ಲರೂ ಅದಕ್ಕೇ ಕಾಯುತ್ತಿದ್ದೆವು.

ಹನ್ನೊಂದು ಐವತ್ತಕ್ಕೆ ಚಿತ್ರದಲ್ಲಿ ಚುಕ್ಕೆ ಕಾಣಿಸಿತು. ಮುಖ ಅಲುಗಾಡಿತು, ದನಿ ಗರಗರ ಎಂದಿತು, ನೋಡನೋಡುತ್ತ ಪರದೆ ತುಂಬ ಬಿಳಿ ಚುಕ್ಕೆಗಳೇ ಆಗಿ ಸುಯ್ಯೆನ್ನತೊಡಗಿತು. ನಾಚಪ್ಪನವರು ಓಡಿದರು. ಅವರ ಹಿಂದೆ ನಾನು.

ತಾರಸಿಯಲ್ಲಿ ಕಣ್ಣು ಬಿಡಲಾಗಲಿಲ್ಲ. ಡಿಶ್ ಉರಿಯುತ್ತಿರುವಂತೆ ಬೆಳಗುತ್ತಿತ್ತು. ಸೂರ್ಯ ಅದಕ್ಕೆ ನೇರ ಎದುರು ನಿಂತಿದ್ದ. ಬಟ್ಟಲ ಬೆಳಕೆಲ್ಲ ಒಂದುಗೂಡಿ ಕೋಲಿನ ತುದಿಯ ಡಬ್ಬಿಯ ಮೇಲೆ ಕೂತಿತ್ತು. ಡಬ್ಬಿಯ ಬಾಯಿಯ ಪ್ಲಾಸ್ಟಿಕ್ ಮುಚ್ಚಳ ಕರಗಿ ತೊಟ್ಟಿಕ್ಕುತ್ತಿತ್ತು. ಸುಟ್ಟ ವಾಸನೆ, ಸಣ್ಣ ಹೊಗೆ. ನಾಚಪ್ಪನವರು ಬರಿಗೈಯಲ್ಲಿ ಡಬ್ಬಿಯನ್ನು ಹಿಡಿದರು, ಚೀರಿ ಬಿಟ್ಟರು, ಮತ್ತೆ ಹಿಡಿದರು. ನಾನು ತಂತಿಯ ಮೇಲಿದ್ದ ಬೆಡ್‌ಶೀಟ್ ಎಳೆದು ಡಿಶ್‌ನ ಮೇಲೆ ಹೊದಿಸಿದೆ.

"ಸರಸೂ, ಬಂತಾ?" ಅವರು ತಾರಸಿಯ ಅಂಚಿಗೆ ಹೋಗಿ ಕೂಗಿದರು.

"ಇಲ್ಲ!" ಕೆಳಗಿನಿಂದ ದನಿ.

ವೈರು ಬಿಚ್ಚಿ ಕಟ್ಟಿದರು. ಡಿಶ್‌ನ ಹಿಂದೆ ಹೋಗಿ ಭುಜ ಕೊಟ್ಟು ಒಂದಿಂಚು ತಿರುಗಿಸಿದರು. "ಈಗ?"

"ಇಲ್ಲ!"

"ಈಗ ನೋಡು! ಸರಸೂ! ಈಗ ಬಂತಾ?"

"ಇಲ್ಲ... ಬರ್ತಾ ಇಲ್ಲ..."

ಟಿವಿ ಬಂದ ಕಾಲದಿಂದ ನಮ್ಮ ತಾರಸಿಗಳ ಮೇಲೆ ಈ ಪ್ರಶ್ನೆ, ಈ ಉತ್ತರ ಎಷ್ಟು ಸಾವಿರ ಸಲ ಆಗಿದೆಯೋ. ಕ್ರಿಕೆಟ್ಟಿಗೆ, ಭಾನುವಾರದ ಸಿನಿಮಾಕ್ಕೆ. ಅವರು ಹತ್ತಾರು ಸಲ ಕೂಗಿದರು. ಟೈ ಬೆನ್ನಿಗೆ ಹೋಗಿತ್ತು, ಹೊಸ ಬಣ್ಣ ಅಂಗಿಗೆಲ್ಲ ಹತ್ತಿತ್ತು, ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ಆಮೇಲೆ ಕೆಳಗಿನಿಂದ ಉತ್ತರ ಬರುವುದು ನಿಂತಿತು. ನನ್ನ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ಆದರೂ ಅವರು ಇನ್ನೊಮ್ಮೆ, ಮೆತ್ತಗೆ, "ಬಂತಾ?" ಎಂದರು. ನನ್ನನ್ನು ಕೇಳಿದಂತೆ ಇತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ.

ಮರುದಿನ ಬಂದ ಮೆಕ್ಯಾನಿಕ್ ವಿಷಯ ಬಿಡಿಸಿ ಹೇಳಿದ. ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲೂ ಅಕ್ಟೋಬರ್‌ನಲ್ಲೂ, ಕೆಲವು ದಿನ ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಾನಂತೆ. ಆಗ ಆರೇಳು ನಿಮಿಷ ಚಿತ್ರ ಹೋಗುತ್ತದೆ, ತಾನಾಗಿ ವಾಪಸು ಬರುತ್ತದೆ. "ಆದರೆ ಈ ಚಮಕ್ ಬಣ್ಣ ಯಾರು ಹೊಡೆದದ್ದು? ಹಳೇ ಡಿಶ್ ಹಾಗೇ ಇದ್ದಿದ್ದರೆ ಏನೂ ಆಗ್ತಿರಲಿಲ್ಲ."

"ನಾನು," ಎಂದರು ನಾಚಪ್ಪನವರು, ಬ್ಯಾಂಡೇಜು ಸುತ್ತಿದ ಕೈ ಹಿಂದೆ ಕಟ್ಟಿಕೊಂಡು.

ಐವತ್ತಕ್ಕೆ ಏಳು ಸೇರಿಸಿದರೆ ಐವತ್ತೇಳು. ಅವಳು ಅಪ್ಪನಿಗೆ ಹೇಳಿದ್ದು ಕಡೆಯ ನಿಮಿಷದಲ್ಲಿ. ಡಬ್ಬಿ ಸುಡದಿದ್ದರೆ ಬಂದೇ ಬರುತ್ತಿತ್ತು. ಈ ಕೂಡುವ ಲೆಕ್ಕವನ್ನು ನಾನು ಅಂದಿನಿಂದ ಬಿಟ್ಟಿಲ್ಲ. ಅವರ ಪಕ್ಕದಲ್ಲೇ ನಿಂತಿದ್ದೆ, ನನಗೆ ಗೊತ್ತಿತ್ತು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಒಂದೇ ಒಂದು ಫಲ: ನಾವಿಬ್ಬರೂ ಮತ್ತೆ ಮಾತಾಡತೊಡಗಿದೆವು. ಅದರಲ್ಲಿ ಒಂದು ಮಾತನ್ನು ಐದನೇ ತಾರೀಖೇ ಆಡಿದ್ದರೆ ಎಂದು ಅನ್ನಿಸುತ್ತಿತ್ತು. ದಿಲೀಪ ಚಾನೆಲ್‌ಗೆ ಟೇಪು ಕೇಳಿ ಬರೆದ. ಆ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ತುಂಬಿಸಿಯಾಗಿದೆ ಎಂದು ಉತ್ತರ ಬಂತು. ಸರಸು ನಮ್ಮ ವಿಸಿಆರ್‌ನ ಕ್ಯಾಸೆಟ್ ಹಾಕಿ ಆ ಇಪ್ಪತ್ತು ನಿಮಿಷ ನೋಡುತ್ತಿದ್ದರು. ಅದು ಮುಗಿದ ಮೇಲೂ ಆರಿಸುತ್ತಿರಲಿಲ್ಲ. ಚುಕ್ಕೆಗಳ ಮುಂದೆ ಕಿವಿ ಕೊಟ್ಟು ಕೂರುತ್ತಿದ್ದರು ಎಂದು ಶಾರದಾ ಬಂದು ಅತ್ತಳು.

ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ನಾಚಪ್ಪನವರು ದಿಲೀಪನನ್ನು ಕರೆಸಿದರು. ನನ್ನನ್ನೂ ಕರೆದರು. ದಿಲೀಪನನ್ನು ಸೋಫಾದ ಮೇಲೆ ಕೂರಿಸಿ, ಎದುರಿಗೆ ತಾವು ಕುರ್ಚಿ ಹಾಕಿಕೊಂಡರು.

"ನೀನು ಒಂದು ಸಲ ಕೇಳಿದ್ದೀಯ. ಅರ್ಥ ಬೇಡ, ಶಬ್ದ ಹೇಳು. ಹೇಗೆ ಶುರುವಾಯ್ತು?"

ದಿಲೀಪ ಕಣ್ಣು ಮುಚ್ಚಿಕೊಂಡ. ಏನೋ ಎರಡು ಮೂರು ಅಕ್ಷರ ಅಂದ, ಅಲ್ಲ ಎಂದ, ಬೇರೆ ಅಂದ. ಅದು ಯಾವ ಭಾಷೆಯೂ ಆಗಿರಲಿಲ್ಲ. "ಸಾರಿ ಅಂಕಲ್. ಎಂಟು ತಿಂಗಳಾಯ್ತು."

"ಚಿಕ್ಕದಾ, ಉದ್ದವಾ?"

"ಚಿಕ್ಕದು... ಅಷ್ಟೇನೂ ಚಿಕ್ಕದಲ್ಲ."

"ನಾನು ಹೇಳ್ತೀನಿ. ಕೇಳಿ, ಹೀಗಿತ್ತಾ ಅಂತ ಹೇಳು."

ಅವರು ಕೊಡವ ತಕ್ಕಿನಲ್ಲಿ ಒಂದೊಂದೇ ವಾಕ್ಯ ಹೇಳತೊಡಗಿದರು. ಹತ್ತು ವರ್ಷ ಎದುರು ಮನೆಯಲ್ಲಿದ್ದು ನನಗೆ ಆ ಮಾತು ಸುಮಾರಾಗಿ ತಿಳಿಯುತ್ತದೆ. ದಸರೆಗೆ ಮನೆಗೆ ಬರುತ್ತೇನೆ ಎಂದರು. ದಿಲೀಪ ಅಲ್ಲವೆಂದು ತಲೆಯಾಡಿಸಿದ. ನಿನ್ನ ಮೇಲೆ ನನಗೆ ಕೋಪವಿಲ್ಲ ಎಂದರು. "ಪತಾ ನಹೀಂ, ಅಂಕಲ್." ನೀನು ಕಲಿಸಿದ್ದನ್ನೇ ಇವರಿಗೂ ಕಲಿಸುತ್ತಿದ್ದೇನೆ ಎಂದರು. ಅಲ್ಲ. ಆರೋಗ್ಯ ನೋಡಿಕೋ. ಅಲ್ಲ. ಒಂದು ಸಲ ಬಂದು ನನ್ನ ಮನೆ ನೋಡು. ಅಲ್ಲ. ತಾವು ಬಯಸಿದ್ದನ್ನೆಲ್ಲ ಆ ಮುದುಕ ನಮ್ಮ ಮುಂದೆ ಹೀಗೆ ಒಂದೊಂದಾಗಿ ಹೊರಗಿಟ್ಟರು. ದಿಲೀಪ ಪ್ರಾಮಾಣಿಕ ಹುಡುಗ, ಎಲ್ಲದಕ್ಕೂ ಗೊತ್ತಿಲ್ಲ, ಅಲ್ಲ ಎನ್ನುತ್ತಲೇ ಹೋದ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನಾಚಪ್ಪನವರ ಮುಖ ಪ್ರತಿ ಸಲವೂ ಒಂದಿಷ್ಟು ಬಿಳಿಚುತ್ತಿತ್ತು.

ಆಮೇಲೆ ಅವರು ನೆಲ ನೋಡತೊಡಗಿದರು. ಕಡೆಗೆ ತಲೆ ಎತ್ತದೆ, ಮಗುವನ್ನು ಮಲಗಿಸುವವರ ದನಿಯಲ್ಲಿ, ಇನ್ನೊಂದು ವಾಕ್ಯ ಹೇಳಿದರು. ಅಷ್ಟು ಮೃದುವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ದಿಲೀಪ ಮುಂದಕ್ಕೆ ಬಾಗಿದ. "ಹಾಂ," ಎಂದ. "ಹಾಂ ಅಂಕಲ್! ಇದೇ. ಯಹೀ ಥಾ."

ನಾನು ಸತ್ತರೆ ನೀನು ನೋಡಲು ಬರಬೇಡ. ಆ ವಾಕ್ಯದ ಅರ್ಥ ಇದು.

ಸರಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾಚಪ್ಪನವರು ಎರಡು ಸಲ ನಿಧಾನವಾಗಿ ತಲೆದೂಗಿದರು. ಎದ್ದು, ಗಾಯದ ಕಲೆ ಉಳಿದಿದ್ದ ಕೈಯಲ್ಲಿ ದಿಲೀಪನ ಕೈ ಹಿಡಿದುಕೊಂಡು, "ಥ್ಯಾಂಕ್ಯೂ, ಬೇಟಾ" ಎಂದರು. ಅವನ ಕಣ್ಣಲ್ಲಿ ನೀರು ಬಂತು. ಬಗ್ಗಿ ಅವರ ಕಾಲು ಮುಟ್ಟಿದ.

ಅವನನ್ನು ಕೆಳಗೆ ಬಿಡಲು ನಾನು ಹೋದೆ. ಗೇಟಿನ ಹತ್ತಿರ ಅವನು ನಿಂತು, "ಸಚ್ ಬೋಲೂಂ, ಅಂಕಲ್? ನನಗೆ ಏನೂ ನೆನಪಿರಲಿಲ್ಲ. ಒಂದಕ್ಷರ ಕೂಡ. ಅವರ ಮುಖ ನೋಡಕ್ಕಾಗ್ಲಿಲ್ಲ. ಲಾಸ್ಟ್‌ದು ಎಷ್ಟು ಪ್ರೀತಿಯಿಂದ ಹೇಳಿದ್ರು ನೋಡಿ, ಅದಕ್ಕೇ ಹಾಂ ಅಂದ್ಬಿಟ್ಟೆ. ಒಳ್ಳೇ ಮಾತೇ ತಾನೇ?" ಎಂದ.

"ಹೌದು ಕಣಪ್ಪ," ಎಂದೆ. "ಒಳ್ಳೇ ಮಾತು."

ಅವನು ಹಗುರಾಗಿ ಆಟೋ ಹತ್ತಿದ. ಎಷ್ಟೋ ತಿಂಗಳಿಂದ ಹೊತ್ತದ್ದನ್ನು ಇಳಿಸಿದವನ ಹಾಗೆ ಕೈ ಬೀಸಿದ.

ಈ ಸಲ ಸುಮ್ಮನಿರಬಾರದು ಎಂದು ನಾಲ್ಕು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿದೆ. ನಾಚಪ್ಪನವರೇ ಬಾಗಿಲು ತೆಗೆದರು. ಏದುಸಿರು ಬಿಡುತ್ತ ಎಲ್ಲ ಹೇಳಿದೆ: ಹುಡುಗನಿಗೆ ಏನೂ ನೆನಪಿಲ್ಲ, ನಿಮ್ಮ ಸಂಕಟ ನೋಡಲಾಗದೆ ಹೂಂ ಅಂದ, ಅದು ಚೋಂದಮ್ಮನ ಮಾತಲ್ಲ, ಆ ಮಾತು ನಿಮ್ಮದು.

ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟರು.

"ಮೂರ್ತಿ, ಸಮಾಧಾನಕ್ಕೆ ಹೇಳ್ತಾ ಇದ್ದೀರಿ."

"ಸಮಾಧಾನಕ್ಕಲ್ಲ ಸುಬೇದಾರ್ರೇ. ಆಣೆ ಮಾಡಿ ಹೇಳ್ತೀನಿ, ನಿಜ."

"ಅವಳಿಗೆ ನನ್ನದೇ ಬುದ್ಧಿ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳ್ತಿದ್ದೆ. ನಾನು ಹೋಗಲೂ ಇಲ್ಲವಲ್ಲ." ಅವರು ನಗಲು ನೋಡಿದರು. "ಪಾಪ, ನೀವು ಓಡಿ ಬಂದಿರಿ. ನೀವು ಬಹಳ ಒಳ್ಳೆಯವರು."

ಬಣ್ಣದ ವಿಷಯವನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದಿದ್ದೆ. ಅವರು ಇನ್ನೊಮ್ಮೆ ಭುಜ ತಟ್ಟಿ, ಮೆಲ್ಲಗೆ ಬಾಗಿಲು ಹಾಕಿಕೊಂಡರು.